ದಿನಗೂಲಿಯವರೂ ತಿಂಗಳ ಪಾಸೂ

ಶಾಲೆಯ ಹಾಜರಿ ಪುಸ್ತಕವನ್ನು ಬರಿಯ ಹೆಸರುಗಳ ಪಟ್ಟಿಯೆಂದು ತಿಳಿದವರು ಅದನ್ನು ಎಂದೂ ಮನಸ್ಸಿಟ್ಟು ಓದಿದವರಲ್ಲ. ಅದರಲ್ಲಿ ಮಳೆಗಾಲವಿದೆ, ಜ್ವರವಿದೆ, ಊರ ಜಾತ್ರೆಯಿದೆ. ಮನೆಯಲ್ಲಿ ಹೊಸ ಕೂಸು ಹುಟ್ಟಿದ ವಾರವಿದೆ, ತಂದೆಯ ಕೆಲಸ ತಪ್ಪಿದ ವಾರವೂ ಇದೆ. ಗಣಿತವನ್ನು ಕಲಿಸುವುದರೊಡನೆ ಒಂದು ತರಗತಿಯ ಹೊಣೆಯನ್ನೂ ಹೊತ್ತಿರುವ ನನಗೆ ಈ ಪುಸ್ತಕವೇ ದಿನದ ವಾರ್ತಾಪತ್ರಿಕೆ. ಅದರಲ್ಲಿ ಓದಿದ ಒಂದು ವಾರ್ತೆಯನ್ನು ನಮ್ಮ ವಾರ್ಷಿಕ ಸಂಚಿಕೆಯ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ವಾರ್ತೆ ಒಬ್ಬ ವಿದ್ಯಾರ್ಥಿನಿಯದು. ವಿಷಯವು ಬಸ್ಸಿನ ದರದ್ದು. ಇವೆರಡಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ, ಮೊದಲು ನನಗೂ ಅದು ಹೊಳೆದಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ.

ಒಂಬತ್ತನೆಯ ಇಯತ್ತೆಯ ಈ ಹುಡುಗಿಯ ಹೆಸರು ಇಲ್ಲಿ ಬೇಡ. ತಿಂಗಳಲ್ಲಿ ಹತ್ತು ಹನ್ನೆರಡು ದಿನ, ಮೊದಲ ತಾಸು ಅರ್ಧ ಮುಗಿದ ಮೇಲೆ, ಆಕೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಓದಿನಲ್ಲಿ ಹಿಂದುಳಿದವಳಲ್ಲ, ಸಮೀಕರಣಗಳನ್ನು ಬಿಡಿಸುವುದರಲ್ಲಿ ಆಕೆಗಿರುವ ಚುರುಕು ತರಗತಿಯಲ್ಲಿ ಇಬ್ಬರು ಮೂವರಿಗೆ ಮಾತ್ರ ಉಂಟು. ಒಂದು ದಿನ ಕರೆದು ಕಾರಣವನ್ನು ಕೇಳಿದೆ. "ಅವ್ವ ನಡಕೋತ ಹೋಗ್ತಾಳ್ರಿ ಸರ್" ಎಂದಳು. ತಾಯಿ ನಡೆದು ಹೋದರೆ ಮಗಳಿಗೆ ತಡವಾಗುವುದೇಕೆ? ನನಗೆ ಅರ್ಥವಾಗಲಿಲ್ಲ. ಆಕೆ ಮತ್ತೆ ವಿವರಿಸಿ ಹೇಳಬೇಕಾಯಿತು.

ಅವರ ಕುಟುಂಬವು ಕಲಬುರಗಿಯ ಸೀಮೆಯಿಂದ ದುಡಿಮೆಯನ್ನರಸಿ ಪುಣೆಗೆ ಬಂದುದು. ವಾಸ ಬಿಬವೇವಾಡಿಯ ಮೇಲುಭಾಗದಲ್ಲಿ, ಗುಡ್ಡದ ಓರೆಯ ಒಂದು ವಸತಿಯಲ್ಲಿ. ತಾಯಿ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿಗಳನ್ನು ಆರಿಸಿ ಹಸನುಮಾಡುವ ಕೆಲಸಕ್ಕೆ ಹೋಗುತ್ತಾಳೆ. ತಂದೆ ಕಟ್ಟಡದ ಕೆಲಸಗಾರ. ಈ ತಿಂಗಳು ವಾಘೋಲಿಯಲ್ಲಿ ದುಡಿದರೆ ಮುಂದಿನ ತಿಂಗಳು ಭೋಸರಿಯಲ್ಲಿ. ಮನೆಯಿಂದ ಮಾರ್ಕೆಟ್ ಯಾರ್ಡಿಗೆ ಬಸ್ಸಿನಲ್ಲಿ ಹತ್ತು ರೂಪಾಯಿ, ಹತ್ತು ಹದಿನೈದು ನಿಮಿಷದ ದಾರಿ. ನಡೆದರೆ ಮುಕ್ಕಾಲು ತಾಸು. ಸಂಜೆ ದಣಿದ ದೇಹಕ್ಕೆ ನಡೆಯುವ ಶಕ್ತಿಯಿರುವುದಿಲ್ಲವಾದ್ದರಿಂದ ತಾಯಿ ಬಸ್ಸನ್ನು ಹತ್ತುತ್ತಾಳೆ. ಬೆಳಿಗ್ಗೆ ಮಾತ್ರ ನಡೆದೇ ಹೋಗುತ್ತಾಳೆ. ಅದಕ್ಕಾಗಿ ಆಕೆ ಮನೆಯನ್ನು ಅರ್ಧ ತಾಸು ಮೊದಲೇ ಬಿಡಬೇಕು. ಆ ಅರ್ಧ ತಾಸಿನಲ್ಲಿ ಆಗಬೇಕಾಗಿದ್ದ ರೊಟ್ಟಿ ಬಡಿಯುವ ಕೆಲಸ, ನೀರು ತುಂಬುವ ಕೆಲಸ, ಚಿಕ್ಕ ತಮ್ಮನನ್ನು ಎಬ್ಬಿಸಿ ಶಾಲೆಗೆ ಸಿದ್ಧಪಡಿಸುವ ಕೆಲಸ, ಇವೆಲ್ಲವೂ ಮಗಳ ಪಾಲಿಗೆ ಬರುತ್ತವೆ. ತಾಯಿ ಹತ್ತು ರೂಪಾಯಿ ಉಳಿಸುತ್ತಾಳೆ. ಅದರ ಬೆಲೆಯನ್ನು ಮಗಳು ನನ್ನ ಗಣಿತದ ತಾಸಿನಲ್ಲಿ ತೆರುತ್ತಾಳೆ.

ಬಸ್ಸಿನ ದರವನ್ನು ನಾವು ಸಾಮಾನ್ಯವಾಗಿ ಪ್ರಯಾಣಿಕನ ಜೇಬಿನ ಮಾತೆಂದು ಎಣಿಸುತ್ತೇವೆ. ಅದು ಮನೆಯವರೆಲ್ಲರ ಹೊತ್ತಿನ ಮಾತೂ ಹೌದೆಂಬುದನ್ನು ನಾನು ಕಲಿತದ್ದು ಈ ಹುಡುಗಿಯಿಂದ. ಬಡವರ ಪ್ರಯಾಣವನ್ನು ಅಗ್ಗವಾಗಿಸಬೇಕೆಂಬ ಮಾತನ್ನು ಸಭೆಗಳಲ್ಲಿ ಎಲ್ಲರೂ ಒಪ್ಪುತ್ತಾರೆ. ಅಗ್ಗವೆಂದರೆ ಏನು, ಯಾರಿಗೆ, ಯಾವ ರೀತಿಯಲ್ಲಿ ಎಂಬುದನ್ನು ಬಿಡಿಸಿ ನೋಡುವವರು ಮಾತ್ರ ಕಡಿಮೆ. ಅದನ್ನು ಇಲ್ಲಿ ಮಾರ್ಕೆಟ್ ಯಾರ್ಡಿನ ನಿದರ್ಶನದಿಂದ ನೋಡಬೇಕೆಂದು ನನ್ನ ಉದ್ದೇಶ.

ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡು ನಮ್ಮಲ್ಲಿ ಅನೇಕ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಸ್ಥಳ. ಪುಣೆಯ ಮನೆಮನೆಯ ಒಲೆಯ ಮೇಲೆ ಬೇಯುವ ಕಾಯಿಪಲ್ಯ, ಕಾಳು, ಬೆಲ್ಲ, ಬಟಾಟೆಗಳಲ್ಲಿ ಬಹುಭಾಗವು ಈ ಪೇಟೆಯನ್ನು ಹಾದೇ ಹೋಗುತ್ತದೆ. ನಗರವು ಇನ್ನೂ ಮಲಗಿರುವಾಗ ಲಾರಿಗಳು ಬಂದು ನಿಲ್ಲುತ್ತವೆ, ಹಮಾಲರು ಚೀಲಗಳನ್ನು ಇಳಿಸುತ್ತಾರೆ, ತೋಲಾರರು ತೂಗುತ್ತಾರೆ, ಹೆಂಗಸರು ಆರಿಸಿ ಹಸನು ಮಾಡುತ್ತಾರೆ. ಅಲ್ಲಿ ಮರಾಠಿಯೊಡನೆ ಕಲಬುರಗಿಯ, ವಿಜಯಪುರದ, ಯಾದಗಿರಿಯ ಕನ್ನಡವೂ ಕಿವಿಗೆ ಬೀಳುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಬಂದಂತೆ ಆ ಸೀಮೆಯ ಜನರೂ ಈ ಊರಿಗೆ ಬಂದಿದ್ದಾರೆ. ಮೆಣಸಿನಕಾಯಿಯ ಲಾರಿಯ ಬಾಡಿಗೆಯನ್ನು ವ್ಯಾಪಾರಿಯು ಸರಕಿನ ಬೆಲೆಯಲ್ಲಿ ಸೇರಿಸಿಕೊಳ್ಳಬಲ್ಲನು. ಹಸನುಮಾಡುವ ಹೆಂಗಸು ತನ್ನ ಬಸ್ಸಿನ ದರವನ್ನು ಯಾವ ಬೆಲೆಯಲ್ಲಿ ಸೇರಿಸಬೇಕು?

ಈ ನಗರದಲ್ಲಿ ಬಸ್ಸು ಸಾರ್ವಜನಿಕರ ಸ್ವತ್ತಾಗಿ ಬಹುಕಾಲವಾಯಿತು. ಪುಣೆಯ ಮಹಾನಗರಪಾಲಿಕೆಯು 1950ರಲ್ಲಿ ರಚನೆಯಾಯಿತು. ನಗರ ಸಾರಿಗೆಯ ಹೊಣೆಯು ಪಾಲಿಕೆಯ ಕೈಗೆ ಬಂತು. ಜನರ ಬಾಯಲ್ಲಿ ಇಂದಿಗೂ ಉಳಿದಿರುವ 'ಪಿಎಂಟಿ' ಎಂಬ ಹೆಸರು ಆ ಕಾಲದ್ದು. 2007ರಲ್ಲಿ ಪುಣೆಯ ಮತ್ತು ಪಿಂಪರಿ ಚಿಂಚವಡದ ಸಾರಿಗೆ ಸಂಸ್ಥೆಗಳೆರಡೂ ಒಂದುಗೂಡಿ ಪುಣೆ ಮಹಾನಗರ ಪರಿವಹನ ಮಹಾಮಂಡಳವಾದವು. ಟಿಕೇಟಿನಿಂದ ಬರುವ ಹಣವು ವೆಚ್ಚಕ್ಕೆ ಸಾಲದಿರುವಾಗ ಆ ಕೊರತೆಯನ್ನು ಎರಡು ಪಾಲಿಕೆಗಳು 60ಕ್ಕೆ 40ರ ಪ್ರಮಾಣದಲ್ಲಿ ತುಂಬಿಕೊಡುತ್ತ ಬಂದಿವೆ. ಅಂದರೆ, ನಗರ ಸಾರಿಗೆಯು ಲಾಭದ ಅಂಗಡಿಯಲ್ಲ, ನೀರು ಮತ್ತು ದೀಪದಂತೆ ಒಂದು ಸಾರ್ವಜನಿಕ ಸೇವೆ ಎಂಬ ತತ್ವವನ್ನು ಈ ನಗರವು ಎಂದೋ ಒಪ್ಪಿಕೊಂಡಿದೆ. ನನ್ನ ವಾದವು ಈ ತತ್ವದ ವಿರುದ್ಧವಲ್ಲ. ಅದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕೆಂಬುದಷ್ಟೆ.

2025ರ ಜೂನ್ 1ರಂದು ಮಹಾಮಂಡಳವು ದರಗಳನ್ನು ಏರಿಸಿತು. ಕನಿಷ್ಠ ದರವು 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ಮೊದಲ 5 ಕಿಲೋಮೀಟರಿಗೆ 10 ರೂಪಾಯಿ, 10 ಕಿಲೋಮೀಟರಿನವರೆಗೆ 20 ರೂಪಾಯಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ದರವು ಗೊತ್ತಾಯಿತು. ಅದುವರೆಗೆ ನಗರದ ಸೀಮೆಯೊಳಗೆ 40 ರೂಪಾಯಿಗೆ ದೊರೆಯುತ್ತಿದ್ದ ದಿನದ ಪಾಸು 70 ರೂಪಾಯಿಯದಾಯಿತು. 900 ರೂಪಾಯಿಯ ತಿಂಗಳ ಪಾಸು 1,500 ರೂಪಾಯಿಯದಾಯಿತು. ಡೀಸೆಲ್, ಗ್ಯಾಸು, ಸಂಬಳ, ಬಿಡಿಭಾಗಗಳೆಲ್ಲವೂ ತುಟ್ಟಿಯಾಗಿರುವ ಕಾಲದಲ್ಲಿ ಹತ್ತು ವರ್ಷದ ಹಳೆಯ ದರವು ಹಾಗೆಯೇ ಇರಬೇಕೆಂದು ಹಟ ಹಿಡಿಯುವುದು ನ್ಯಾಯವಲ್ಲ. ಏರಿಕೆಯ ಭಾರವು ಯಾರ ಹೆಗಲ ಮೇಲೆ ಹೇಗೆ ಬಿತ್ತೆಂಬುದನ್ನಾದರೂ ನಾವು ಎಣಿಸಿ ನೋಡಬೇಕು. ಎಣಿಸುವುದು ನನ್ನ ವೃತ್ತಿ. ಆದುದರಿಂದ ಈ ಲೆಕ್ಕವನ್ನು ನನ್ನ ತರಗತಿಗೇ ಕೊಟ್ಟೆ.

ಲೆಕ್ಕ ಹೀಗಿತ್ತು. ಒಬ್ಬ ಕಟ್ಟಡ ಕೆಲಸಗಾರನು ತಿಂಗಳಿಗೆ 26 ದಿನ ದೂರದ ಕೆಲಸಕ್ಕೆ ಹೋಗುತ್ತಾನೆ. ಹೋಗುವಾಗಲೂ ಬರುವಾಗಲೂ ಬಸ್ಸನ್ನು ಬದಲಿಸಬೇಕಾಗಿರುವುದರಿಂದ ಪ್ರತಿದಿನ 70 ರೂಪಾಯಿಯ ದಿನದ ಪಾಸನ್ನು ಕೊಳ್ಳುತ್ತಾನೆ. ಅವನ ಹೆಂಡತಿಯು ಬೆಳಗಿನ 10 ರೂಪಾಯಿ ಉಳಿಸಲು 26 ದಿನ ನಡೆದು ಹೋಗುತ್ತಾಳೆ. ತಿಂಗಳ ಪಾಸಿನ ಬೆಲೆ 1,500 ರೂಪಾಯಿ. ಗಂಡನು ತಿಂಗಳ ಪಾಸನ್ನು ಕೊಂಡಿದ್ದರೆ ಎಷ್ಟು ಉಳಿಯುತ್ತಿತ್ತು? ಹೆಂಡತಿಯು ನಡೆದು ಎಷ್ಟು ಉಳಿಸಿದಳು? ಯಾವುದು ಹೆಚ್ಚು?

ಉತ್ತರವು ಕಠಿಣವಲ್ಲ. 26 ದಿನಕ್ಕೆ 70ರಂತೆ 1,820 ರೂಪಾಯಿ. ತಿಂಗಳ ಪಾಸಿಗಿಂತ 320 ರೂಪಾಯಿ ಹೆಚ್ಚು. ಹೆಂಡತಿಯು ತಿಂಗಳೆಲ್ಲ ನಡೆದು ಉಳಿಸಿದ್ದು 260 ರೂಪಾಯಿ. ಅಂದರೆ, ಹೆಂಡತಿಯ ಇಪ್ಪತ್ತಾರು ಮುಂಜಾನೆಯ ನಡಿಗೆಯೆಲ್ಲವೂ ಗಂಡನು ದಿನದಿನದ ಪಾಸಿಗಾಗಿ ಹೆಚ್ಚಾಗಿ ತೆತ್ತ ಹಣವನ್ನು ಸರಿದೂಗಿಸುವುದಕ್ಕೂ ಸಾಲಲಿಲ್ಲ. ಇನ್ನೂ 60 ರೂಪಾಯಿ ಕೊರತೆಯೇ ಉಳಿಯಿತು. ಗಂಡನ ಕೈಯಲ್ಲಿ ತಿಂಗಳ ಪಾಸಿದ್ದರೆ ಹೆಂಡತಿಯು ಪ್ರತಿದಿನವೂ ಬಸ್ಸಿನಲ್ಲೇ ಹೋಗಬಹುದಾಗಿತ್ತು. ಮಗಳು ಮೊದಲ ತಾಸಿಗೇ ಬರಬಹುದಾಗಿತ್ತು.

ತರಗತಿಯು ಲೆಕ್ಕವನ್ನು ಬೇಗನೆ ಬಿಡಿಸಿತು. "ಹಾಗಾದರೆ ಅವನು ತಿಂಗಳ ಪಾಸನ್ನೇ ಕೊಳ್ಳಬೇಕಾಗಿತ್ತು" ಎಂದು ಮುಂದಿನ ಸಾಲಿನವರು ತೀರ್ಪು ಕೊಟ್ಟರು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಒಂದನೇ ತಾರೀಖಿಗೆ ಹದಿನೈದು ನೂರು ರೂಪಾಯಿ ಯಾರ ಕೈಯಾಗ ಇರ್ತಾವ್ರಿ?" ಎಂದು ಕೇಳಿದನು. ತರಗತಿಯಲ್ಲಿ ಯಾರೂ ನಗಲಿಲ್ಲ. ಲೆಕ್ಕವನ್ನು ಕೊಟ್ಟವನು ನಾನೇ ಆದರೂ ಅದರಲ್ಲಿ ಬರೆಯದೆ ಬಿಟ್ಟ ಮಾತನ್ನು ಅವನು ಹೇಳಿದ್ದನು. ತಿಂಗಳ ಸಂಬಳವು ತಿಂಗಳ ಮೊದಲಲ್ಲಿ ಬರುವ ಮನೆಯಲ್ಲಿ ಹುಟ್ಟಿದವನಿಗೆ ಆ ಪ್ರಶ್ನೆಯು ಏಳುವುದೇ ಇಲ್ಲ.

ಈ ಲೇಖನದ ತಿರುಳು ಆ ಹುಡುಗನ ಪ್ರಶ್ನೆಯಲ್ಲಿದೆ. ನಮ್ಮ ನಗರದ ದರಪಟ್ಟಿಯು ತಿಂಗಳ ಸಂಬಳದವನಿಗೆ ರಿಯಾಯಿತಿಯನ್ನು ಕೊಡುತ್ತದೆ, ದಿನಗೂಲಿಯವನಿಗೆ ಕೊಡುವುದಿಲ್ಲ. ಇದು ಯಾರೋ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಮುಂಗಡ ಹಣವನ್ನು ಒಟ್ಟಿಗೆ ಕೊಡುವವನಿಗೆ ಬೆಲೆಯನ್ನು ಇಳಿಸುವುದು ವ್ಯಾಪಾರದ ಹಳೆಯ ಪದ್ಧತಿ. ಚೀಲಗಟ್ಟಲೆ ಅಕ್ಕಿ ಕೊಳ್ಳುವವನಿಗೆ ಒಂದು ಬೆಲೆ, ಸೇರುಗಟ್ಟಲೆ ಕೊಳ್ಳುವವನಿಗೆ ಇನ್ನೊಂದು ಬೆಲೆ. ಬಡವನು ಎಣ್ಣೆಯನ್ನು ಚಿಕ್ಕ ಸೀಸೆಯಲ್ಲಿ, ಚಹಪುಡಿಯನ್ನು ಪುಟ್ಟ ಪುಡಿಕೆಯಲ್ಲಿ ಕೊಳ್ಳುತ್ತಾನೆ. ಕೊಂಡಷ್ಟಕ್ಕೂ ಸಿರಿವಂತನಿಗಿಂತ ಹೆಚ್ಚು ತೆರುತ್ತಾನೆ. ಆದರೂ ಓಣಿಯ ಕಿರಾಣಿ ಅಂಗಡಿಯವನು ಪರಿಚಯದವರಿಗೆ ಉದ್ರಿ ಕೊಡುತ್ತಾನೆ. ಬಸ್ಸಿನಲ್ಲಿ ಉದ್ರಿಯಿಲ್ಲ. ಹೀಗೆ, ಬಡವರಿಗೆಂದೇ ನಡೆಯುವ ಸಾರ್ವಜನಿಕ ಸೇವೆಯು ಈ ಒಂದು ವಿಷಯದಲ್ಲಿ ಕಿರಾಣಿ ಅಂಗಡಿಗಿಂತಲೂ ಕಠಿಣವಾಗಿದೆ.

ಹಿಂದಿನ ದರದಲ್ಲಿಯೂ ಈ ದೋಷವಿತ್ತೆಂಬುದನ್ನು ಮರೆಯಲಾಗದು. 40 ರೂಪಾಯಿಯ ದಿನದ ಪಾಸನ್ನು 26 ದಿನ ಕೊಂಡವನು 1,040 ರೂಪಾಯಿ ತೆರುತ್ತಿದ್ದನು. ತಿಂಗಳ ಪಾಸಿನವನು 900. ಅಂತರವು 140 ರೂಪಾಯಿ. ಹೊಸ ದರದಲ್ಲಿ ಆ ಅಂತರವು 320 ರೂಪಾಯಿಯಾಯಿತು. ಹನ್ನೆರಡು ತಿಂಗಳಿಗೆ 3,840 ರೂಪಾಯಿ. ಇದು ಪ್ರಯಾಣಕ್ಕಾಗಿ ಕೊಟ್ಟ ಹಣವಲ್ಲ. ಕೈಯಲ್ಲಿ ಒಟ್ಟಿಗೆ ಹಣವಿಲ್ಲದಿರುವುದಕ್ಕಾಗಿ ಕೊಟ್ಟ ದಂಡ.

ಇದಕ್ಕೆ ಪರಿಹಾರವನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ. ಮಾರ್ಕೆಟ್ ಯಾರ್ಡಿನ ಹಮಾಲರ ಬದುಕಿನಲ್ಲಿಯೇ ಅದರ ಬೀಜವಿದೆ. ಹಮಾಲನಿಗೆ ಒಬ್ಬ ಧಣಿಯಿಲ್ಲ. ಬೆಳಿಗ್ಗೆ ಒಬ್ಬ ವ್ಯಾಪಾರಿಯ ಚೀಲ, ಮಧ್ಯಾಹ್ನ ಇನ್ನೊಬ್ಬನ ಚೀಲ. ಹೀಗಿರುವಾಗ ಅವನ ಭವಿಷ್ಯನಿಧಿಗೆ ಯಾರು ಹಣ ಕಟ್ಟಬೇಕು? ಕಾಯಿಲೆಯಾದರೆ ಯಾರು ನೋಡಬೇಕು? ಈ ಪ್ರಶ್ನೆಗೆ ಮಹಾರಾಷ್ಟ್ರವು 1969ರ ಮಾಥಾಡಿ, ಹಮಾಲ ಹಾಗೂ ಇತರ ಅಂಗಮೆಹನತಿನ ಕೆಲಸಗಾರರ ಕಾಯಿದೆಯ ಮೂಲಕ ಉತ್ತರ ಕೊಟ್ಟಿತು. ಕಾಯಿದೆಯನ್ವಯ ಮಂಡಳಗಳು ಸ್ಥಾಪಿತವಾದವು. ವ್ಯಾಪಾರಿಯು ಕೂಲಿಯೊಡನೆ ಗೊತ್ತಾದ ಒಂದು ವಂತಿಗೆಯನ್ನೂ ಮಂಡಳಕ್ಕೆ ಕಟ್ಟಬೇಕು. ಹಲವು ಧಣಿಗಳಿಂದ ಬಂದ ಹನಿಹನಿಯನ್ನು ಮಂಡಳವು ಕೂಡಿಸಿ, ಭವಿಷ್ಯನಿಧಿ, ಬೋನಸು, ಉಪದಾನ ಮೊದಲಾದ ಸೌಕರ್ಯಗಳನ್ನು ಒದಗಿಸಬೇಕು. ತುಂಡು ತುಂಡಾದ ದುಡಿಮೆಯನ್ನು ಕೂಡಿಸಿ ಲೆಕ್ಕಹಿಡಿದರೆ ಚೀಲ ಹೊರುವವನೂ ತಿಂಗಳ ನೌಕರನಂತೆ ಹಕ್ಕುದಾರನಾಗಬಲ್ಲನೆಂಬುದೇ ಈ ಕಾಯಿದೆಯ ಒಳಗುಟ್ಟು.

ಹಮಾಲರ ಸಂಘಟನೆಗೆ ತಮ್ಮ ಬಾಳನ್ನು ಸವೆಸಿದ ಡಾಕ್ಟರ್ ಬಾಬಾ ಆಢಾವ ಅವರ ಹೆಸರು ಈ ಪೇಟೆಯಲ್ಲಿ ಮನೆಮಾತು. ಅವರ ಮುಂದಾಳುತನದಲ್ಲಿ ಹಮಾಲ ಪಂಚಾಯತವು 1974ರಲ್ಲಿ 'ಕಷ್ಟಾಚಿ ಭಾಕರ್' ಎಂಬ ಊಟದ ಕೇಂದ್ರವನ್ನು ಆರಂಭಿಸಿತು. 'ಕಷ್ಟದ ರೊಟ್ಟಿ' ಎಂದು ಅದರ ಅರ್ಥ. ಅಲ್ಲಿ ಅನ್ನವನ್ನು ಧರ್ಮಕ್ಕೆ ಕೊಡುವುದಿಲ್ಲ. ದುಡಿಯುವವನ ಕೈಗೆ ಎಟಕುವ ಬೆಲೆಗೆ ಕೊಡುತ್ತಾರೆ. ಉಂಡವನು ಯಾರಿಗೂ ತಲೆಬಾಗಬೇಕಾಗಿಲ್ಲ. ಬಡವರ ಬಸ್ಸಿನ ವಿಷಯದಲ್ಲಿಯೂ ಈ ಮನೋಭಾವವೇ ತಕ್ಕದ್ದೆಂದು ನನ್ನ ಅಭಿಪ್ರಾಯ. ದಯೆ ಬೇಡ, ಸರಿಯಾದ ಲೆಕ್ಕ ಬೇಕು.

ಆ ಸರಿಯಾದ ಲೆಕ್ಕ ಯಾವುದು? ದಿನದಿನದ ಪಾಸಿಗೆ ಕೊಟ್ಟ ಹಣವನ್ನು ಕೂಡಿಸುತ್ತ ಹೋಗಬೇಕು. ಒಂದು ತಿಂಗಳಲ್ಲಿ ಆ ಮೊತ್ತವು ತಿಂಗಳ ಪಾಸಿನ ಬೆಲೆಯನ್ನು ಮುಟ್ಟಿದೊಡನೆ ಉಳಿದ ದಿನಗಳ ಪ್ರಯಾಣವು ಅವನ ಹಕ್ಕಾಗಬೇಕು. ನಮ್ಮ ಕೆಲಸಗಾರನು 21 ದಿನ 70ರಂತೆ 1,470 ರೂಪಾಯಿ ಕೊಟ್ಟಿರುತ್ತಾನೆ. 22ನೆಯ ದಿನ 30 ರೂಪಾಯಿ ಕೊಟ್ಟರೆ 1,500 ಪೂರ್ತಿಯಾಯಿತು. 23ನೆಯ ದಿನದಿಂದ ತಿಂಗಳ ಕೊನೆಯವರೆಗೆ ಅವನಿಂದ ಹಣ ಕೇಳಬಾರದು. ಕೆಲಸ ಸಿಗದೆ 15 ದಿನವಷ್ಟೇ ಪ್ರಯಾಣ ಮಾಡಿದವನು ಆ 15 ದಿನಕ್ಕೆ ತೆತ್ತರೆ ಸಾಕು. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ. ತಿಂಗಳ ಪಾಸಿನವನಿಗಿಂತ ಒಂದು ಕಾಸೂ ಕಡಿಮೆ ಕೊಡದೆ, ಅವನಿಗಿಂತ ಹೆಚ್ಚೂ ಕೊಡದೆ, ದಿನಗೂಲಿಯವನು ಅವನ ಸಾಲಿನಲ್ಲಿ ಕೂಡುತ್ತಾನೆ.

ಇದು ಗಣಿತ ಮಾಸ್ತರನ ಕನಸೆಂದು ಯಾರೂ ತಿಳಿಯಬೇಕಾಗಿಲ್ಲ. ಲಂಡನ್ ನಗರವು 2005ರಲ್ಲಿ ತನ್ನ ಪ್ರಯಾಣದ ಕಾರ್ಡಿಗೆ ಇಂತಹ ದಿನದ ಮಿತಿಯನ್ನು ಹಾಕಿತು. ದಿನವೊಂದರಲ್ಲಿ ಗೊತ್ತಾದ ಮೊತ್ತವನ್ನು ಮುಟ್ಟಿದ ಮೇಲೆ ಉಳಿದ ಪ್ರಯಾಣಕ್ಕೆ ಹಣವಿಲ್ಲ. ನ್ಯೂಯಾರ್ಕ್ ನಗರವು 2022ರಲ್ಲಿ ವಾರದ ಮಿತಿಯನ್ನು ತಂದಿತು. ವಾರದಲ್ಲಿ 12 ಪ್ರಯಾಣಗಳ ಹಣವನ್ನು ಕೊಟ್ಟವನಿಗೆ ಆ ವಾರದ ಮಿಕ್ಕ ಪ್ರಯಾಣಗಳು ಬಿಟ್ಟಿ. ಲಂಡನ್ನಿನಲ್ಲಿಯೇ 2016ರಿಂದ, ಮೊದಲ ಬಸ್ಸನ್ನು ಹತ್ತಿದ ಒಂದು ತಾಸಿನೊಳಗೆ ಇನ್ನೊಂದನ್ನು ಹತ್ತಿದವನು ಎರಡನೆಯ ಸಲ ಹಣ ಕೊಡಬೇಕಾಗಿಲ್ಲ. ಈ ಎರಡನೆಯ ಸುಧಾರಣೆಯೂ ನಮಗೆ ಅವಶ್ಯ. ಬಿಬವೇವಾಡಿಯಿಂದ ಸ್ವಾರಗೇಟಿಗೆ ಬಂದು, ಅಲ್ಲಿಂದ ಬೇರೆ ಬಸ್ಸನ್ನು ಹಿಡಿಯುವವನಿಗೆ ಟಿಕೇಟು ಮತ್ತೆ ಮೊದಲ ಮೆಟ್ಟಿಲಿನಿಂದ ಆರಂಭವಾಗುತ್ತದೆ. ಬಸ್ಸು ಬದಲಿಸುವುದು ಅವನ ಶೋಕಿಯಲ್ಲ. ನೇರವಾದ ಬಸ್ಸು ಇಲ್ಲದಿರುವುದೇ ಕಾರಣ. ಮಾರ್ಗವನ್ನು ಗೊತ್ತುಮಾಡಿದವರ ಅನುಕೂಲಕ್ಕಾಗಿ ಪ್ರಯಾಣಿಕನು ಎರಡು ಸಲ ತೆರಬೇಕೇಕೆ?

ಎಲ್ಲರ ಬಳಿಯೂ ಒಳ್ಳೆಯ ಮೊಬೈಲು ಇರುವುದಿಲ್ಲವೆಂಬ ಆಕ್ಷೇಪವು ಇಲ್ಲಿ ಏಳುತ್ತದೆ. ಅದು ಸರಿಯಾದ ಆಕ್ಷೇಪ. ಈ ಸೌಲಭ್ಯವನ್ನು ಮೊಬೈಲಿನಲ್ಲಿ ಮಾತ್ರ ಇಟ್ಟರೆ ಯಾರಿಗಾಗಿ ಇದನ್ನು ಮಾಡುತ್ತೇವೋ ಅವರೇ ಹೊರಗೆ ಉಳಿಯುತ್ತಾರೆ. ಆದುದರಿಂದ ಕೈಯಲ್ಲಿ ಹಿಡಿಯಬಹುದಾದ ಒಂದು ಕಾರ್ಡು ಇರಬೇಕು. ಹಮಾಲರಿಗೆ ಮಂಡಳದ ನೋಂದಣಿಯಿದೆ. ಅನೇಕ ಮನೆಗಳಲ್ಲಿ ರೇಶನ್ ಕಾರ್ಡಿದೆ. ಕಟ್ಟಡ ಕೆಲಸಗಾರರಿಗೆ ನೋಂದಣಿಯ ವ್ಯವಸ್ಥೆಯಿದೆ. ಇವುಗಳಲ್ಲಿ ಯಾವುದಿದ್ದರೂ ಕಾರ್ಡನ್ನು ಕೊಡಬೇಕು. ಯಾವುದೂ ಇಲ್ಲದವನಿಗೆ ತನ್ನ ಒಂದು ಭಾವಚಿತ್ರದ ಮೇಲೆಯೇ ಕೊಡಬೇಕು. ಬಡತನವನ್ನು ರುಜುವಾತುಪಡಿಸಲು ಒಂದು ದಿನದ ಕೂಲಿಯನ್ನು ಕಳೆದುಕೊಂಡು ಸಾಲಿನಲ್ಲಿ ನಿಲ್ಲುವಂತಾದರೆ ಆ ರಿಯಾಯಿತಿಯು ಅರ್ಧ ಬೆಲೆಯನ್ನು ಕಳೆದುಕೊಂಡಂತೆಯೇ ಸರಿ.

ಇನ್ನು, ಹಣವೆಲ್ಲಿಂದ ಬರಬೇಕೆಂಬ ಮುಖ್ಯವಾದ ಪ್ರಶ್ನೆ. ಸಂಸ್ಥೆಯು ನಷ್ಟದಲ್ಲಿದೆ, ಅದನ್ನು ಅಲ್ಲಗಳೆಯುವವನು ನಾನಲ್ಲ. ಈ ಮಿತಿಯಿಂದ ಸಂಸ್ಥೆಗೆ ಕಡಿಮೆಯಾಗುವ ಹಣ ಯಾವುದೆಂಬುದನ್ನು ಮಾತ್ರ ವಾಚಕರು ಗಮನಿಸಬೇಕು. ಅದು, ಒಟ್ಟಿಗೆ ಕೊಡಲಾರದವನಿಂದ ಇಂದು ಹೆಚ್ಚಾಗಿ ಬರುತ್ತಿರುವ ಹಣವಷ್ಟೆ. ಆ ಹಣದ ಮೇಲೆ ನಿಂತು ನಗರ ಸಾರಿಗೆಯು ಉಳಿಯಬೇಕಾಗಿದ್ದರೆ ಅದು ನಮ್ಮೆಲ್ಲರಿಗೂ ನಾಚಿಕೆಯ ಮಾತು. ಮೋಟಾರಿನವನು ಮೇಲ್ಸೇತುವೆಯನ್ನು ಏರುವಾಗ ಕಿಲೋಮೀಟರಿಗೆ ಇಷ್ಟೆಂದು ಪಾಲಿಕೆಯು ಕೈಚಾಚುವುದಿಲ್ಲ. ಸ್ವಾರಗೇಟಿನಿಂದ ಮಾರ್ಕೆಟ್ ಯಾರ್ಡಿನ ಮಾರ್ಗವಾಗಿ ಕಾತ್ರಜಕ್ಕೆ ನೆಲದಡಿಯ ಮೆಟ್ರೊ ಮಾರ್ಗವನ್ನು ಕೊಂಡೊಯ್ಯಲು ಕೇಂದ್ರ ಸರಕಾರವು 2024ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಸುಮಾರು ಐದೂವರೆ ಕಿಲೋಮೀಟರಿಗೆ 2,954 ಕೋಟಿ ರೂಪಾಯಿಗೂ ಮಿಕ್ಕ ವೆಚ್ಚ. ಮೆಟ್ರೊ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬರಲಿ, ಬೇಗ ಬರಲಿ. ನೆಲದಡಿಯ ಮಾರ್ಗಕ್ಕೆ ಅಷ್ಟು ಹಣವನ್ನು ಹೊಂದಿಸಬಲ್ಲ ನಾಡಿಗೆ, ನೆಲದ ಮೇಲೆ ನಡೆದು ಹೋಗುವವಳ ಹತ್ತು ರೂಪಾಯಿಯು ಭಾರವಾಗಲಾರದೆಂದಷ್ಟೇ ಹೇಳುತ್ತೇನೆ.

ದರ ಇಳಿದರೆ ಜನ ಬರುತ್ತಾರೆಂಬುದಕ್ಕೆ ನೆರೆಯ ಮುಂಬಯಿಯ ಅನುಭವವೇ ಸಾಕ್ಷಿ. 2019ರ ಜುಲೈಯಲ್ಲಿ ಅಲ್ಲಿಯ ಬೆಸ್ಟ್ ಸಂಸ್ಥೆಯು ಕನಿಷ್ಠ ದರವನ್ನು 8 ರೂಪಾಯಿಯಿಂದ 5 ರೂಪಾಯಿಗೆ ಇಳಿಸಿದಾಗ ದಿನದ ಪ್ರಯಾಣಿಕರು ಲಕ್ಷಗಟ್ಟಲೆ ಹೆಚ್ಚಿದರು. 2025ರ ಮೇ ತಿಂಗಳಲ್ಲಿ ಅದೇ ದರವು 10 ರೂಪಾಯಿಗೆ ಏರಿತು. ದರವನ್ನು ಇಳಿಸುವುದು ಸುಲಭ, ಇಳಿಸಿದ್ದನ್ನು ಉಳಿಸುವುದು ಕಷ್ಟವೆಂಬ ಪಾಠವೂ ಇದರಲ್ಲಿದೆ. ಕೊರತೆಯನ್ನು ಯಾರು ತುಂಬಬೇಕೆಂಬುದನ್ನು ಮೊದಲೇ ಗೊತ್ತುಮಾಡದ ರಿಯಾಯಿತಿಯು ಬಹಳ ದಿನ ಬಾಳುವುದಿಲ್ಲ.

ಎಲ್ಲರಿಗೂ ಬಿಟ್ಟಿಯಾಗಿಯೇ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ನಮ್ಮ ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆಯು ಹೆಂಗಸರಿಗೆ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಬಿಟ್ಟಿ ಪ್ರಯಾಣವನ್ನು ಕೊಟ್ಟಿತು. 2025ರ ಜುಲೈ ಹೊತ್ತಿಗೆ ಅಂತಹ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನು ಮುಟ್ಟಿತು. ಮಹಾರಾಷ್ಟ್ರದಲ್ಲಿ 2023ರ ಮಾರ್ಚಿಯಿಂದ ರಾಜ್ಯ ಸಾರಿಗೆಯ ಎಸ್‌ಟಿ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೇಟು. ಎರಡೂ ಸ್ತುತ್ಯವಾದ ಕಾರ್ಯಗಳೇ. ಆದರೂ ನಮ್ಮ ವಿದ್ಯಾರ್ಥಿನಿಯ ತಾಯಿಯ ಕಣ್ಣಿನಿಂದ ಇವನ್ನು ನೋಡಬೇಕು. ಆಕೆ ಊರ ಜಾತ್ರೆಗೆ ಹೊರಟರೆ ಪುಣೆಯಿಂದ ಸೋಲಾಪುರದವರೆಗೆ ಎಸ್‌ಟಿಯಲ್ಲಿ ಅರ್ಧ ಟಿಕೇಟು. ಊರಿನ ಗುರುತಿನ ಪತ್ರ ಕೈಯಲ್ಲಿದ್ದರೆ ಗಡಿಯಾಚೆ ಕರ್ನಾಟಕದೊಳಗಿನ ಬಸ್ಸಿನಲ್ಲಿ ಟಿಕೇಟಿನ ಹಣವೇ ಇಲ್ಲ. ಬಿಬವೇವಾಡಿಯಿಂದ ಮಾರ್ಕೆಟ್ ಯಾರ್ಡಿಗೆ ಮಾತ್ರ ಪೂರ್ತಿ ಹತ್ತು ರೂಪಾಯಿ. ಆಕೆ ಊರಿಗೆ ಹೋಗುವುದು ವರ್ಷಕ್ಕೆರಡು ಬಾರಿ. ಮಾರ್ಕೆಟ್ ಯಾರ್ಡಿಗೆ ಹೋಗಿಬರುವುದು ಪ್ರತಿದಿನ. ಪುಣೆಯಲ್ಲಿಯೂ 2018ರ ಮಾರ್ಚ್ 8ರಂದು ಹೆಂಗಸರಿಗಾಗಿ 'ತೇಜಸ್ವಿನಿ' ಬಸ್ಸುಗಳು ಆರಂಭವಾಗಿ, ಪ್ರತಿ ತಿಂಗಳ 8ನೆಯ ತಾರೀಖು ಅವುಗಳಲ್ಲಿ ಬಿಟ್ಟಿ ಪ್ರಯಾಣವನ್ನು ಗೊತ್ತುಮಾಡಿದರು. ತಿಂಗಳಿಗೊಂದು ದಿನದ ಹಬ್ಬವು ಒಳ್ಳೆಯದೇ. ಹೊಟ್ಟೆಯ ಕೆಲಸವಾದರೋ ದಿನನಿತ್ಯದ್ದು.

ಎಲ್ಲವನ್ನೂ ಬಿಟ್ಟಿಯಾಗಿ ಕೊಟ್ಟು ಬಸ್ಸುಗಳನ್ನು ಹೆಚ್ಚಿಸದಿದ್ದರೆ, ಜೋತುಬಿದ್ದು ಹೋಗುವ ಗತಿಯೂ ಆ ಬಡವರಿಗೇ ಬರುತ್ತದೆ. ಬಾರದ ಬಸ್ಸಿನಲ್ಲಿ ಟಿಕೇಟು ಬಿಟ್ಟಿಯಾದರೇನು, ಹತ್ತು ರೂಪಾಯಿಯಾದರೇನು? ಆದುದರಿಂದ ದರದ ಸುಧಾರಣೆಯೊಡನೆ ಬಸ್ಸುಗಳ ಸಂಖ್ಯೆಯೂ, ನಸುಕಿನಲ್ಲಿ ಪೇಟೆಗೆ ಹೋಗುವವರಿಗೆ ಹೊತ್ತಿಗೆ ಸರಿಯಾದ ಬಸ್ಸುಗಳೂ ಆಗಬೇಕು. ಬಿಟ್ಟಿ ಪ್ರಯಾಣವು ಮುಂದೆ ಎಂದಾದರೂ ಸಾಧ್ಯವಾದರೆ ಸಂತೋಷ. ಇಂದೇ, ಹೆಚ್ಚು ವೆಚ್ಚವಿಲ್ಲದೆ, ಯಾರ ಮನಸ್ಸನ್ನೂ ನೋಯಿಸದೆ ಮಾಡಬಹುದಾದುದು ದಿನಗೂಲಿಯವನ ದಂಡವನ್ನು ತೆಗೆದುಹಾಕುವುದು.

ಈ ನಗರಕ್ಕೆ ಇಂತಹ ಕೆಲಸವು ಹೊಸದಲ್ಲ. ಪುಣೆಯ ಮಹಾನಗರಪಾಲಿಕೆಯು ತನ್ನ ಶಾಲೆಗಳಲ್ಲಿ 5ರಿಂದ 10ನೆಯ ಇಯತ್ತೆಯವರೆಗೆ ಓದುವ ಮಕ್ಕಳ ಬಸ್ಸಿನ ಪಾಸಿನ ಪೂರ್ಣ ಹಣವನ್ನೂ, ಖಾಸಗಿ ಶಾಲೆಗಳ ಮಕ್ಕಳ ಪಾಸಿನಲ್ಲಿ ನೂರಕ್ಕೆ 75ರಷ್ಟನ್ನೂ ತಾನೇ ತೆರುತ್ತ ಬಂದಿದೆ. ನಮ್ಮ ವಿದ್ಯಾರ್ಥಿಗಳ ಚೀಲದಲ್ಲಿರುವ ಪಾಸು ಈ ಉದಾರತೆಯ ಫಲ. ಮಗುವಿನ ಪಾಸಿಗೆ ಹಣ ಕಟ್ಟಿದ ನಗರವು, ಆ ಮಗುವು ಹೊತ್ತಿಗೆ ಸರಿಯಾಗಿ ಬಸ್ಸನ್ನು ಹತ್ತುವಂತಾಗಬೇಕಾದರೆ ತಾಯಿಯೂ ಬಸ್ಸನ್ನು ಹತ್ತಬೇಕೆಂಬುದನ್ನು ಕಂಡುಕೊಂಡರೆ ಸಾಕು. ಮಗಳ ಚೀಲದಲ್ಲಿ ಪಾಸಿದ್ದೂ ಆಕೆ ತಡವಾಗಿ ಬರುವುದಾದರೆ, ನಗರವು ಕೊಟ್ಟ ಆ ಹಣದ ಒಂದು ಭಾಗವೂ ವ್ಯರ್ಥವಾದಂತೆಯೇ.

ಲೆಕ್ಕವನ್ನು ಬಿಡಿಸಿದ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ನಾಳೆ ಈ ನಗರದ ಕಚೇರಿಗಳಲ್ಲಿ ಕುಳಿತು ದರಪಟ್ಟಿಗಳನ್ನು ಬರೆಯುವಿರಿ. ಆಗ ನಿಮ್ಮ ಕೈಯಲ್ಲಿ ಒಳ್ಳೆಯ ಯಂತ್ರಗಳಿರುತ್ತವೆ, ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಾಗುವುದಿಲ್ಲ. ಆದರೂ ಲೆಕ್ಕವು ತಪ್ಪಾಗಬಹುದು. ಅದು ತಪ್ಪುವುದು ಪ್ರಶ್ನೆಯಲ್ಲಿ, ಉತ್ತರದಲ್ಲಿ ಅಲ್ಲ. ಹಿಂದಿನ ಬೆಂಚಿನಿಂದ ಎದ್ದ ಆ ಪ್ರಶ್ನೆಯನ್ನು ಅಂದು ನೆನಪಿಟ್ಟುಕೊಳ್ಳಿರಿ.

ಹುಡುಗಿಯ ವಿಷಯದಲ್ಲಿ ನನ್ನ ಕೈಯಲ್ಲಿದ್ದುದನ್ನು ಮಾಡಿದೆನು. ಮುಖ್ಯಾಧ್ಯಾಪಕರನ್ನು ಕೇಳಿಕೊಂಡು ಒಂಬತ್ತನೆಯ ಇಯತ್ತೆಯ ಗಣಿತವನ್ನು ಮೊದಲ ತಾಸಿನಿಂದ ಮೂರನೆಯ ತಾಸಿಗೆ ಬದಲಿಸಿಕೊಂಡೆನು. ಈಗ ಆಕೆಗೆ ಗಣಿತವು ತಪ್ಪುವುದಿಲ್ಲ. ಕಳೆದ ವಾರ ಇತಿಹಾಸದ ಅಧ್ಯಾಪಕಿಯವರು ಬಂದು, "ಸರ್, ಆ ಹುಡುಗಿ ನನ್ನ ತಾಸಿಗೆ ಯಾಕೆ ದಿನಾಲೂ ತಡವಾಗಿ ಬರುತ್ತಾಳೆ?" ಎಂದು ಕೇಳಿದರು. ಶಾಲೆಯ ವೇಳಾಪತ್ರಿಕೆಯನ್ನು ಎಷ್ಟು ಸಲ ಬದಲಿಸಿದರೂ ಈ ಲೆಕ್ಕವು ಇಲ್ಲಿ ಬಿಡುವುದಿಲ್ಲ. ಅದನ್ನು ಬಿಡಿಸಬೇಕಾದ ಸ್ಥಳವು ಬಸ್ಸಿನ ದರಪಟ್ಟಿ.